ಹಗೇವಿನೊಳಗಿನ ಜೋಳವೂ ಉಸಿರಾಡುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು. ಗಿಡ ಏನು ಉಣ್ಣುತ್ತದೆ, ಯಾವಾಗ ಉಸಿರಾಡುತ್ತದೆ, ಉಂಡದ್ದು ಎಲ್ಲಿಗೆ ಹೋಗುತ್ತದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಮಲಗುವ ಕೋಣೆಯಲ್ಲಿ ನಾಲ್ಕು ಕುಂಡ ಇಟ್ಟಿದ್ದೇನೆ. ರಾತ್ರಿ ಗಿಡ ಕೆಟ್ಟ ಗಾಳಿ ಬಿಡುತ್ತದೆ, ಹೊರಗಿಡು ಅಂತಾರೆ ಅತ್ತೆ. ನರ್ಸರಿಯವರು ಮಾತ್ರ ಸ್ನೇಕ್ ಪ್ಲಾಂಟ್ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅಂದರು. ಯಾರ ಮಾತು ಸರಿ? (ಮೈಸೂರಿನ ಓದುಗರು)

ಅತ್ತೆಯವರ ಮಾತು ಅರ್ಧ ಸರಿ. ರಾತ್ರಿ ಗಿಡ ಆಮ್ಲಜನಕ ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ನಿಜ. ಆದರೆ ಹಗಲಲ್ಲೂ ಅದು ಹಾಗೇ ಉಸಿರಾಡುತ್ತಿರುತ್ತದೆ. ಬಿಸಿಲಿರುವಾಗ ಎಲೆ ಅಡುಗೆಯನ್ನೂ ಮಾಡುತ್ತದೆ, ಆಗ ಹೊರಗೆ ಬರುವ ಆಮ್ಲಜನಕ ಎಷ್ಟು ಜಾಸ್ತಿ ಅಂದರೆ ಉಸಿರಾಟಕ್ಕೆ ಖರ್ಚಾದದ್ದು ಕಣ್ಣಿಗೇ ಬೀಳುವುದಿಲ್ಲ. ಕತ್ತಲಾದರೆ ಅಡುಗೆ ನಿಲ್ಲುತ್ತದೆ, ಉಸಿರಾಟ ಒಂದೇ ಉಳಿಯುತ್ತದೆ. 1779ರಲ್ಲೇ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಇದನ್ನು ತೋರಿಸಿದ್ದ. ಗಾಳಿಯನ್ನು ಒಳ್ಳೆಯದು ಮಾಡುವುದು ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕು ಬಿದ್ದಾಗ ಮಾತ್ರ.

ಈಗ ಲೆಕ್ಕ ನೋಡಿ. ಸುಮ್ನೆ ಮಲಗಿರುವ ಒಬ್ಬ ಮನುಷ್ಯನಿಗೆ ಗಂಟೆಗೆ ಸುಮಾರು 15 ಲೀಟರ್ ಆಮ್ಲಜನಕ ಬೇಕು. ಒಂದು ಕುಂಡದ ಗಿಡ ಬಳಸುವುದು ಮಿಲಿಲೀಟರುಗಳಲ್ಲಿ. ಅಂದರೆ ನಿಮ್ಮ ಕೋಣೆಯ ಗಾಳಿಯನ್ನು ನಾಲ್ಕು ಕುಂಡಗಳಿಗಿಂತ ಪಕ್ಕದಲ್ಲಿ ಮಲಗಿದವರೇ ಎಷ್ಟೋ ಪಾಲು ಹೆಚ್ಚು ಬಳಸುತ್ತಾರೆ. ಗಿಡ ಅಲ್ಲೇ ಇರಲಿ, ಕಿಟಕಿ ಒಂದಿಷ್ಟು ತೆರೆದಿರಲಿ.

ನರ್ಸರಿಯವರ ಮಾತಿಗೂ ಒಂದು ಕಾರಣ ಇದೆ. ಸ್ನೇಕ್ ಪ್ಲಾಂಟ್, ಅನಾನಸ್, ಕಳ್ಳಿ ಇವೆಲ್ಲ ಒಣ ಹವೆಗೆ ಹೊಂದಿಕೊಂಡ ಗಿಡಗಳು. ಹಗಲು ಎಲೆಯ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೇ ರಾತ್ರಿ ತೆರೆದು, ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು, ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ಸಕ್ಕರೆ ಮಾಡಿಕೊಳ್ಳುತ್ತವೆ. ಆದರೆ ಆಮ್ಲಜನಕ ಹುಟ್ಟುವುದು ನೀರು ಒಡೆದಾಗ, ನೀರು ಒಡೆಯಲು ಬೆಳಕು ಬೇಕೇ ಬೇಕು. ಕತ್ತಲಲ್ಲಿ ಯಾವ ಗಿಡವೂ ಆಮ್ಲಜನಕ ಕೊಡುವುದಿಲ್ಲ. ಅರಳಿಮರವೂ ಅಷ್ಟೇ.

ನಮ್ಮ ಮನೆಯ ಹಳೇ ಹಗೇವು (ಕಾಳು ಕೂಡಿಡುವ ನೆಲದೊಳಗಿನ ಗುಂಡಿ) ತೆಗೆಯಬೇಕಂತ ಮಾಡಿದ್ದೇವೆ. ತೆಗೆದ ದಿನವೇ ಇಳಿಯಬಾರದು, ಒಳಗೆ ಉಸಿರು ಕಟ್ಟುತ್ತದೆ ಅಂತಾರೆ ಹಿರಿಯರು. ಒಳಗಿರುವುದು ಬರೀ ಜೋಳ. ವಿಷ ಎಲ್ಲಿಂದ ಬಂತು? (ವಿಜಯಪುರ ಜಿಲ್ಲೆಯ ರೈತರು)

ದಯವಿಟ್ಟು ಹಿರಿಯರ ಮಾತು ಕೇಳಿ. ಹೀಗೆ ಇಳಿದವರು ಸತ್ತದ್ದಿದೆ, ಅವರನ್ನು ಎತ್ತಲು ಹೋದವರೂ ಸತ್ತದ್ದಿದೆ.

ಜೋಳದ ಕಾಳು ಕಲ್ಲಿನ ಹಾಗೆ ಕಂಡರೂ ಅದಕ್ಕೆ ಜೀವ ಇದೆ. ಅದರೊಳಗೆ ಒಂದು ಪುಟ್ಟ ಮೊಳಕೆ ಮಲಗಿದೆ, ಅದು ಬದುಕಿರಬೇಕಾದರೆ ಕಾಳಿನ ಹಿಟ್ಟನ್ನು ಚೂರು ಚೂರೇ ಖರ್ಚು ಮಾಡುತ್ತಿರಬೇಕು. ಅದೇ ಉಸಿರಾಟ. ಚೆನ್ನಾಗಿ ಒಣಗಿದ ಕಾಳು ಬಹಳ ನಿಧಾನಕ್ಕೆ ಉಸಿರಾಡುತ್ತದೆ, ಪಸೆ ತಗುಲಿದರೆ ಜೋರಾಗಿ ಉಸಿರಾಡುತ್ತದೆ. ಅದರ ಜೊತೆಗೆ ಹುಳ, ಬೂಸ್ಟು ಇವೂ ಉಸಿರಾಡುತ್ತವೆ. ಹಗೇವಿನ ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದ ಮೇಲೆ ಹೊಸ ಗಾಳಿ ಬರುವುದಿಲ್ಲ. ಒಳಗಿದ್ದ ಆಮ್ಲಜನಕ ಖಾಲಿಯಾಗುತ್ತಾ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ತುಂಬುತ್ತಾ ಹೋಗುತ್ತದೆ. ಹುಳ ಸಾಯುತ್ತವೆ. ಯಾವ ಔಷಧಿಯೂ ಇಲ್ಲದೆ ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದದ್ದು ಇದರಿಂದಲೇ. ನಮ್ಮ ಹಿಂದಿನವರ ಈ ಕೆಲಸದ ಮೇಲೆ ನನಗೆ ಅಪಾರ ಗೌರವ ಇದೆ. ಆದರೆ ಹುಳವನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ.

ಕಾಳಿನ ಉಸಿರನ್ನು ನಾನು ಮೊದಲು ಕೈಯಲ್ಲಿ ಮುಟ್ಟಿ ತಿಳಿದದ್ದು ಅಜ್ಜಿ ಮನೆಯಲ್ಲಿ. ಬಿತ್ತನೆ ಭತ್ತವನ್ನು ಒಂದು ದಿನ ನೆನೆಹಾಕಿ, ನೀರು ಬಸಿದು, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಮುಚ್ಚಿ ಕಲ್ಲು ಹೇರಿದ್ದರು. ಮರುದಿನ ಚೀಲದ ಬಾಯಿ ಬಿಚ್ಚಿ ಕೈ ಹಾಕು ಅಂದರು. ಹೊರಗೆ ಮಳೆ ಹಿಡಿದು ಥಂಡಿ, ಒಳಗೆ ಜ್ವರ ಬಂದವರ ಹಣೆ ಮುಟ್ಟಿದ ಹಾಗೆ ಬಿಸಿ. ಸಾವಿರಾರು ಮೊಳಕೆಗಳು ಒಟ್ಟಿಗೆ ಉಸಿರಾಡುತ್ತಿದ್ದವು, ಆ ಬಿಸಿ ಅವುಗಳದ್ದು. ಬಿಸಿ ಜಾಸ್ತಿಯಾದರೆ ಮೊಳಕೆ ಬೆಂದು ಹೋಗುತ್ತದೆ ಅಂತ ಅಜ್ಜಿ ಮತ್ತೆ ನೀರು ಚಿಮುಕಿಸಿದರು.

ನೀವು ಮಾಡಬೇಕಾದದ್ದು ಇಷ್ಟು. ಬಾಯಿ ತೆಗೆದು ಒಂದೆರಡು ದಿನ ಹಾಗೇ ಬಿಡಿ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ, ತಾನಾಗಿ ಬೇಗ ಮೇಲೆ ಬರುವುದಿಲ್ಲ. ಫ್ಯಾನ್ ಅಥವಾ ಬ್ಲೋವರ್ ಇಟ್ಟು ಹೊಸ ಗಾಳಿಯನ್ನು ತಳದವರೆಗೆ ಹೊಡೆಸಿ. ಲಾಟೀನು ಇಳಿಸಿ ನೋಡುವ ಹಳೇ ಪದ್ಧತಿಯಲ್ಲಿ ದೀಪ ಆರಿದರೆ ಇಳಿಯಲೇಬಾರದು, ಆದರೆ ದೀಪ ಉರಿಯಿತು ಅಂತ ಧೈರ್ಯ ಮಾಡುವುದೂ ಬೇಡ. ಮನುಷ್ಯನಿಗೆ ತಲೆ ಸುತ್ತುವಷ್ಟು ಕಾರ್ಬನ್ ಡೈಆಕ್ಸೈಡ್ ಇರುವಲ್ಲೂ ದೀಪ ಉರಿಯಬಹುದು. ಇಳಿಯುವವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಇರಲಿ. ಕೆಳಗಿನವರು ಕುಸಿದರೆ ಹಗ್ಗದಿಂದ ಎಳೆಯಿರಿ, ಯಾರೂ ಹಿಂದೆಯೇ ಇಳಿಯಬೇಡಿ.

ತೆಂಗಿಗೆ ಗೊಬ್ಬರ ಹಾಕುತ್ತೇವೆ, ಅದೇ ಮರದ ಊಟ ಅಲ್ವಾ? ಇಷ್ಟು ದೊಡ್ಡ ಮರ ಮಣ್ಣಿನಿಂದ ತಾನೇ ಬಂದದ್ದು? (ಅರಸೀಕೆರೆ)

ನಾಲ್ಕು ನೂರು ವರ್ಷದ ಹಿಂದೆ ಫ್ಯಾನ್ ಹೆಲ್ಮಾಂಟ್ ಎಂಬಾತನಿಗೂ ಇದೇ ಪ್ರಶ್ನೆ ಬಂದಿತ್ತು. ಆತ 200 ಪೌಂಡ್ ಒಣಮಣ್ಣು ತೂಗಿ ಕುಂಡಕ್ಕೆ ತುಂಬಿ, 5 ಪೌಂಡಿನ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ಆಯಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್, ನಮ್ಮ ಲೆಕ್ಕದಲ್ಲಿ 60 ಗ್ರಾಂ ಒಳಗೆ! ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತು ಅಂದುಕೊಂಡ. ಗಾಳಿಯ ಪಾಲು ಆತನಿಗೆ ಹೊಳೆಯಲಿಲ್ಲ.

ನೀವು ಇದನ್ನು ಬಚ್ಚಲ ಒಲೆಯಲ್ಲೇ ನೋಡಬಹುದು. ಒಂದು ಹೊರೆ ಒಣಸೌದೆ ಉರಿಸಿದರೆ ಉಳಿಯುವುದು ಒಂದೆರಡು ಹಿಡಿ ಬೂದಿ. ಆ ಬೂದಿ ಮಣ್ಣಿನಿಂದ ಬಂದ ಪಾಲು. ಉಳಿದದ್ದೆಲ್ಲ ಹೊಗೆ, ಆವಿ, ಕಾರ್ಬನ್ ಡೈಆಕ್ಸೈಡ್ ಆಗಿ ಬಂದಲ್ಲಿಗೇ ಹೋಯಿತು. ಹಂಡೆ ನೀರು ಕಾದದ್ದು ಎಲೆ ಎಂದೋ ಹಿಡಿದಿಟ್ಟ ಬಿಸಿಲಿನಿಂದ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು ಮಾತ್ರ, ಅಷ್ಟರಲ್ಲೇ ಹೆಕ್ಕಿ ಹೆಕ್ಕಿ ಮರ ತನ್ನ ಮೈ ಕಟ್ಟಿಕೊಳ್ಳುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಂತ ಗೊಬ್ಬರ ನಿಲ್ಲಿಸಬೇಡಿ. ಊಟ ಎಲೆ ಮಾಡಿಕೊಳ್ಳುತ್ತದೆ, ಆದರೆ ಆ ಅಡುಗೆಮನೆ ಕಟ್ಟಲು ಸಾರಜನಕ, ರಂಜಕ, ಪೊಟ್ಯಾಶ್ ಬೇಕು. ಎಲೆಯ ಹಸಿರಿಗೆ ಮೆಗ್ನೀಷಿಯಂ ಬೇಕು. ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವುದು ಅದಕ್ಕೇ.

ಆರು ತಿಂಗಳಲ್ಲಿ ಹತ್ತು ಕೆಜಿ ಇಳಿಸಿದೆ. ಆ ಕೊಬ್ಬು ಎಲ್ಲಿಗೆ ಹೋಯಿತು? ಬೆವರಾಗಿ ಹೋಯಿತಾ? (ಬೆಂಗಳೂರು)

ಹೆಚ್ಚಿನದು ಮೂಗಿನಿಂದ ಹೋಯಿತು. 10 ಕೆಜಿ ಕೊಬ್ಬು ಪೂರ್ತಿ ಕರಗಿದರೆ ಅದರಲ್ಲಿ 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೊರಬೀಳುತ್ತದೆ, 1.6 ಕೆಜಿ ನೀರಾಗುತ್ತದೆ. ಸುಮ್ನೆ ಕೂತು ಜೋರಾಗಿ ಉಸಿರು ಬಿಟ್ಟರೆ ಕರಗುವುದಿಲ್ಲ, ಮೈ ಆ ಕೊಬ್ಬನ್ನು ಕೆಲಸಕ್ಕೆ ಬಳಸಬೇಕು.

ಗಿಡಕ್ಕೆ ಬಿಸಿಲಿನಿಂದ ಶಕ್ತಿ ಸಿಗುತ್ತದೆ ಅಂದ ಮೇಲೆ ಉಸಿರಾಟ ಯಾಕೆ ಬೇಕು? (ಹಾವೇರಿಯ ಹತ್ತನೇ ತರಗತಿ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ ಪುಟ್ಟಿ. ಬೇರಿಗೆ ಬಿಸಿಲು ಕಾಣುತ್ತದಾ? ಇಲ್ಲ. ಎಲೆ ದ್ಯುತಿಸಂಶ್ಲೇಷಣೆಯಲ್ಲಿ ಮಾಡಿದ ಸಕ್ಕರೆ ಕಾಂಡದ ಮೂಲಕ ಬೇರಿಗೆ ಇಳಿಯುತ್ತದೆ. ಸಕ್ಕರೆ ಬಂದರೆ ಸಾಲದು, ಅದನ್ನು ಒಡೆದು ಎಟಿಪಿ ಎಂಬ ಶಕ್ತಿಯ ಕಣ ಮಾಡಿಕೊಳ್ಳಬೇಕು, ಜೀವಕೋಶದ ಕೆಲಸಕ್ಕೆಲ್ಲ ನಡೆಯುವುದು ಅದೇ ಚಿಲ್ಲರೆ. ಆ ಕೆಲಸ ಹೆಚ್ಚಾಗಿ ನಡೆಯುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಪುಟ್ಟ ಭಾಗಗಳಲ್ಲಿ. ನಿನ್ನಲ್ಲೂ ಅವು ಇವೆ, ಬೇರಿನಲ್ಲೂ ಇವೆ. ಅವಕ್ಕೆ ಆಮ್ಲಜನಕ ಬೇಕು, ಬೇರು ಅದನ್ನು ಮಣ್ಣಿನ ಸಂದಿಯ ಗಾಳಿಯಿಂದ ಪಡೆಯುತ್ತದೆ. ತೊಗರಿ ಹೊಲದಲ್ಲಿ ನೀರು ನಿಂತರೆ ಗಿಡ ಬಾಡುವುದು ನೋಡಿದ್ದೀಯಲ್ಲ, ಅಲ್ಲಿ ಸಂದಿಗಳೆಲ್ಲ ನೀರು ತುಂಬಿ ಬೇರಿಗೆ ಉಸಿರು ಕಟ್ಟಿರುತ್ತದೆ. ಭತ್ತ ಮಾತ್ರ ತಡೆದುಕೊಳ್ಳುತ್ತದೆ. ಅದರ ಕಾಂಡದೊಳಗೆ ಗಾಳಿ ಇಳಿಯುವ ಕೊಳವೆಗಳಿವೆ, ಒಂದು ಕಾಂಡ ಅಡ್ಡ ಸೀಳಿ ನೋಡು. ಪರೀಕ್ಷೆಯಲ್ಲಿ "ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ" ಅಂತ ಬರೆಯಬೇಡ. ಉಸಿರಾಟ ಹಗಲೂ ರಾತ್ರಿಯೂ ಇರುತ್ತದೆ.

ನಮ್ಮ ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ನೀರು ಒಳ್ಳೇ ಹಸಿರಾಗಿದೆ. ಆದರೆ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಬಿಸಿಲೇರಿದರೆ ಸರಿಹೋಗುತ್ತವೆ. ಏನು ರೋಗ? (ಮದ್ದೂರು)

ರೋಗಕ್ಕಿಂತ ಆಮ್ಲಜನಕದ ಕೊರತೆಯ ಲಕ್ಷಣ ಇದು. ನೀರಿನ ಹಸಿರೆಲ್ಲ ಪಾಚಿ. ಹಗಲು ಅದು ಆಮ್ಲಜನಕ ಕೊಡುತ್ತದೆ. ರಾತ್ರಿಯಿಡೀ ಪಾಚಿ, ಮೀನು, ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನೇ ಉಸಿರಾಡುತ್ತವೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಮೊದಲೇ ಕಡಿಮೆ, ನಮ್ಮ ಹವೆಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಸುಪಾಸು. ಸೂರ್ಯ ಹುಟ್ಟುವ ಸ್ವಲ್ಪ ಮೊದಲು ಅದು ತೀರಾ ಇಳಿದಿರುತ್ತದೆ. ಹಸಿರು ಜಾಸ್ತಿಯಾದಷ್ಟೂ ರಾತ್ರಿಯ ಖರ್ಚೂ ಜಾಸ್ತಿ.

ಮೋಡ ಕವಿದ ದಿನ ಇನ್ನೂ ಅಪಾಯ. ಹಗಲಿನ ಗಳಿಕೆಯೇ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ಸದ್ಯಕ್ಕೆ ಸಗಣಿ ಗೊಬ್ಬರ ಹಾಕುವುದು ನಿಲ್ಲಿಸಿ, ಮೇವು ಅರ್ಧ ಮಾಡಿ. ಏರೇಟರ್ ಇದ್ದರೆ ಮಧ್ಯರಾತ್ರಿಯಿಂದ ಬಿಸಿಲು ಬರುವವರೆಗೆ ಓಡಿಸಿ. ಇಲ್ಲದಿದ್ದರೆ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ, ಮೇಲಿನಿಂದ ಚಿಮ್ಮಿ ಬೀಳುವ ಹಾಗೆ ಪೈಪು ಕಟ್ಟಿ. ಇವತ್ತು ರಾತ್ರಿಯೇ ಶುರು ಮಾಡಿ, ನಾಳೆ ಐದು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿ.