ಹೋಟೆಲ್ ಅಡುಗೆಮನೆಯ ಕೆಲಸಕ್ಕೆ ಬಿಳಿ ಕೋಟು ಕೊಳ್ಳಲೋ, ಕಪ್ಪು ಕೋಟು ಕೊಳ್ಳಲೋ?

ಮುಂದಿನ ತಿಂಗಳು ಟ್ರೈನಿಯಾಗಿ ಸೇರಲಿರುವ ನಿಮಗೆ ಕೋಟಿನ ಬಣ್ಣದ ಚಿಂತೆ ಹತ್ತಿದೆ. ನನಗೂ ಹತ್ತಿತ್ತು. ಕೈಯಲ್ಲಿದ್ದ ಹಣವನ್ನೆಲ್ಲ ಕೋಟಿಗೇ ಸುರಿದು, ಎದೆಯ ಮೇಲೆ ಹೆಸರಿನ ಕಸೂತಿ ಹಾಕಿಸಿ, ಕಾಲಿಗೆ ಕಾಲೇಜಿನಲ್ಲಿ ಮೆಟ್ಟುತ್ತಿದ್ದ ಸ್ಪೋರ್ಟ್ಸ್ ಶೂಗಳೇ ಸಾಕೆಂದುಕೊಂಡು ಬೆಂಗಳೂರಿನ ಒಂದು ಹೋಟೆಲಿಗೆ ಸೇರಿದೆ. ಸೇರಿದ ದಿನವೇ ಹೋಟೆಲಿನವರು ತಮ್ಮ ಕೋಟನ್ನು ಕೊಟ್ಟರು. ನನ್ನ ಕೋಟು ಪೆಟ್ಟಿಗೆಯಲ್ಲೇ ಉಳಿಯಿತು, ಶೂಗಳು ಅಡುಗೆಮನೆಗೆ ಬಂದವು.

ಒಂದು ದಿನ ಬಿರಿಯಾನಿಗೆಂದು ಮುಕ್ಕಾಲು ಬೇಯಿಸಿದ ಅಕ್ಕಿಯನ್ನು ಬಸಿಯಲು ನಾನೂ ಇನ್ನೊಬ್ಬ ಹುಡುಗನೂ ದೊಡ್ಡ ಪಾತ್ರೆಯನ್ನು ಎರಡು ಬದಿಗಳಿಂದ ಹಿಡಿದು ಸಿಂಕಿನ ಕಡೆಗೆ ಒಯ್ಯುತ್ತಿದ್ದೆವು. ಪಾತ್ರೆ ತೊಳೆಯುವಲ್ಲಿ ಜಿಡ್ಡೂ ಸೋಪಿನ ನೀರೂ ಬೆರೆತಿದ್ದ ನೆಲದ ಮೇಲೆ ನನ್ನ ಕಾಲು ಜಾರಿತು. ನಾನು ಬೀಳಲಿಲ್ಲ, ಆದರೆ ಪಾತ್ರೆ ವಾಲಿ, ಕುದಿಯುತ್ತಿದ್ದ ಗಂಜಿ ನೀರು ಬಲಗಾಲಿನ ಮೇಲೆ ಸುರಿಯಿತು.

ಜಾರಿದ್ದನ್ನು ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಆ ನೆಲದ ಮೇಲೆ ಹಳಬರೂ ಜಾರುತ್ತಾರೆ. ನನಗೆ ದುಬಾರಿಯಾದದ್ದು ಶೂವಿನ ಲೇಸು. ಸ್ಪೋರ್ಟ್ಸ್ ಶೂವಿನ ಮೇಲ್ಭಾಗ ಗಾಳಿಯಾಡಲೆಂದು ಜಾಲರಿಯಂತೆ ನೇಯ್ದ ಬಟ್ಟೆಯಾದ್ದರಿಂದ ಗಾಳಿ ನುಗ್ಗುವ ದಾರಿಯಲ್ಲೇ ಕುದಿನೀರೂ ನುಗ್ಗಿತು. ಒಳಗೆ ಹೋದ ನೀರನ್ನು ಕಾಲುಚೀಲ ಹೀರಿ ಚರ್ಮಕ್ಕೆ ಒತ್ತಿ ಹಿಡಿಯಿತು. ಅದನ್ನು ಕಿತ್ತೆಸೆಯಲು ಮೊದಲು ಶೂ ಬಿಚ್ಚಬೇಕು, ಶೂ ಬಿಚ್ಚಲು ಲೇಸು ಬಿಚ್ಚಬೇಕು. ಲೇಸಾದರೋ, ಶಾಲೆಯಲ್ಲಿ ಕಲಿತ ಅಭ್ಯಾಸದಂತೆ ಎರಡು ಸುತ್ತು ಬಿಗಿದ ಗಂಟು. ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ, ಅದರ ಮೇಲೆ ಗಂಜಿಯ ಲೋಳೆ ಬೇರೆ. ನಡುಗುವ ಬೆರಳುಗಳಿಗೆ ಅದರ ತುದಿಯೇ ಸಿಗಲಿಲ್ಲ. ಕೊನೆಗೆ ಯಾರೋ ಕೊತ್ತಂಬರಿ ಕಟ್ಟು ಬಿಚ್ಚುವ ಕತ್ತರಿ ತಂದು ಲೇಸನ್ನು ಕತ್ತರಿಸಿದರು. ಅದೇ ನೀರು ಎಡಗಾಲಿನ ಪ್ಯಾಂಟಿನ ಮೇಲೂ ಬಿದ್ದಿತ್ತು. ಅಲ್ಲಿ ಸಡಿಲವಾದ ಬಟ್ಟೆಯನ್ನು ತಕ್ಷಣ ಎಳೆದು ಹಿಡಿದದ್ದರಿಂದ ಚರ್ಮ ಕೆಂಪಾದದ್ದಷ್ಟೇ. ಬಲಗಾಲಿನಲ್ಲಿ ಕಾಲುಚೀಲದ ಎಲಾಸ್ಟಿಕ್ ಬಿಗಿದಿದ್ದ ಜಾಗದಲ್ಲೇ ಗಾಯ ಎಲ್ಲಕ್ಕಿಂತ ಆಳವಾಗಿತ್ತು. ನಿಂತು ಮಾಡುವ ಕೆಲಸಕ್ಕೆ ನಿಲ್ಲಲಾಗದವನನ್ನು ಯಾರೂ ಕಾಯುವುದಿಲ್ಲವಾದ್ದರಿಂದ ಪ್ರೊಬೇಷನ್ ಮುಗಿಯುವ ಮೊದಲೇ ಆ ನೌಕರಿ ಹೋಯಿತು.

ಆದ್ದರಿಂದ ಬಿಳಿಯೋ ಕಪ್ಪೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಡುಗೆಮನೆಗೆ ಹಾಕಿಕೊಳ್ಳುವ ಯಾವುದೇ ಉಡುಪನ್ನು ಕೊಳ್ಳುವ ಮೊದಲು, ಇದನ್ನು ಎರಡು ಕ್ಷಣಗಳಲ್ಲಿ ಕಳಚಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಷೆಫ್ ಕೋಟಿನ ಮುಂಭಾಗದಲ್ಲಿ ಬಟ್ಟೆ ಒಂದರ ಮೇಲೊಂದು ಎರಡು ಪದರ ಬರುವುದು ಬಿಸಿ ಚರ್ಮಕ್ಕೆ ಬೇಗ ತಾಗದಿರಲೆಂದು. ಒಂದು ಬದಿ ಕಲೆಯಾದರೆ ಪದರಗಳನ್ನು ಅದಲುಬದಲು ಮಾಡಿ ಗುಂಡಿ ಹಾಕಿಕೊಳ್ಳಬಹುದೆಂಬುದು ಇನ್ನೊಂದು ಅನುಕೂಲ. ಈ ಬಗೆಯ ಬಿಳಿ ಕೋಟನ್ನು ರೂಢಿಗೆ ತಂದ ಹೆಸರು 19ನೆಯ ಶತಮಾನದ ಆರಂಭದ ಫ್ರೆಂಚ್ ಬಾಣಸಿಗ ಮರಿ ಆಂಟ್ವಾನ್ ಕರೆಮ್ ಅವರಿಗೆ ಸಲ್ಲುತ್ತದೆ. ಆದರೆ ಹತ್ತಿ ಬಟ್ಟೆ ಬಿಸಿ ದ್ರವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ನನ್ನ ಕಾಲುಚೀಲವೇ ನನಗೆ ಕಲಿಸಿದ್ದರಿಂದ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಟಿಚ್ ಬಟನ್ ಇರುವ ಕೋಟನ್ನೇ ನಾನು ಹಾಕುತ್ತೇನೆ. ಏಪ್ರನ್ನಿನ ದಾರವನ್ನು ಬೆನ್ನಿನ ಹಿಂದೆ ಗಂಟು ಹಾಕದೆ, ಸುತ್ತಿ ಮುಂದಕ್ಕೆ ತಂದು ಎಳೆದರೆ ಬಿಚ್ಚುವಂತೆ ಕಟ್ಟುತ್ತೇನೆ.

ಬಟ್ಟೆಯ ವಿಷಯದಲ್ಲಿ ಅಂಗಡಿಯವರ ಮಾತನ್ನು ನಂಬಬೇಡಿ. ಅಗ್ಗದ ಕೋಟುಗಳಲ್ಲಿ ಪಾಲಿಯೆಸ್ಟರ್ ಬೆರಕೆ ಸಾಮಾನ್ಯ. ಕರಿಯುವ ಎಣ್ಣೆಯ ಕಾವು ಹೆಚ್ಚಾಗಿ 170ರಿಂದ 190 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಎಣ್ಣೆ ಸಿಡಿದ ಮಾತ್ರಕ್ಕೆ ಅದು ಕರಗದು. ಅಪಾಯವಿರುವುದು ಬರ್ನರಿನ ಜ್ವಾಲೆ ತೋಳಿಗೆ ತಾಗಿದಾಗ. ಹತ್ತಿ ಉರಿದು ಬೂದಿಯಾದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಪರೀಕ್ಷಿಸಬೇಕೆಂದರೆ ಹೊಲಿಗೆಯ ದಾರವನ್ನಲ್ಲ, ಒಳಮಡಿಕೆಯಲ್ಲಿ ಬಟ್ಟೆಯದೇ ಒಂದು ಎಳೆಯನ್ನು ಕಿತ್ತು ಕಡ್ಡಿ ಗೀರಿ ನೋಡಿ: ಕಾಗದ ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾದರೆ ಹತ್ತಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಬೆರಕೆ. ಕೋಟಿನ ಒಳಗೂ ಹತ್ತಿಯ ಬನಿಯನ್ನೇ ಇರಲಿ, ಜಿಮ್ಮಿಗೆ ಹಾಕುವ ಟೀ ಶರ್ಟ್ ಬೇಡ.

ಉಡುಪಿಯ ಕಡೆಯ ಅಡುಗೆ ಭಟ್ಟರು ಪಂಚೆ, ಬೈರಾಸದಲ್ಲೇ ಸಾವಿರಾರು ಜನರಿಗೆ ಅಡುಗೆ ಮಾಡುವಾಗ ಈ ವೇಷವೆಲ್ಲ ತೋರಿಕೆಯಲ್ಲವೇ ಎಂದೂ ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಪಂಚೆ ಹತ್ತಿಯದು, ಒಂದು ಎಳೆತಕ್ಕೆ ಕಳಚುತ್ತದೆ, ಬೈರಾಸ ಬೆವರೊರೆಸಲೂ ಆಗುತ್ತದೆ, ಬಿಸಿ ಪಾತ್ರೆ ಹಿಡಿಯಲೂ ಆಗುತ್ತದೆ. ನನ್ನ ಸ್ಪೋರ್ಟ್ಸ್ ಶೂಗಳಿಗಿಂತ ಅದರಲ್ಲಿ ವಿವೇಕ ಹೆಚ್ಚು. ಆದರೆ ನಮ್ಮ ಮನೆಗಳ ಮದುವೆಗಳಿಗೆ ಬರುತ್ತಿದ್ದ ಭಟ್ಟರ ಬರಿಗಾಲನ್ನೂ ನಾನು ನೋಡಿದ್ದೇನೆ, ಅದರ ಮೇಲಿದ್ದ ಸುಟ್ಟ ಕಲೆಗಳನ್ನೂ ನೋಡಿದ್ದೇನೆ. ಅವರಿಗೆ ಏನೂ ಆಗಲಿಲ್ಲ ಎಂದು ಹೇಳುವವರು ಅವರನ್ನು ಕೇಳಿ ಹೇಳುವುದಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು: ಆಯ್ಕೆ ನಿಮ್ಮದಾದರೆ ಬಿಳಿಯನ್ನೇ ಆರಿಸಿ, ಕೊಳೆ ಕಾಣಿಸುವುದೇ ಒಳ್ಳೆಯದು. ತಲೆಗೆ ಟೋಪಿ, ಬೆರಳಿಗೆ ಉಂಗುರವಿಲ್ಲದಿರುವುದು, ಕೈಗೆ ವಾಚಿಲ್ಲದಿರುವುದು ಇವೆಲ್ಲ ಆಹಾರ ಸುರಕ್ಷತಾ ನಿಯಮಗಳಲ್ಲೇ ಇರುವುದರಿಂದ ಹೋಟೆಲಿನವರೇ ಹೇಳುತ್ತಾರೆ. ಸೊಂಟಕ್ಕೆ ಸಿಕ್ಕಿಸುವ ಟವೆಲ್ ಮಾತ್ರ ಸದಾ ಒಣಗಿರಲಿ. ಒದ್ದೆ ಬಟ್ಟೆಯಲ್ಲಿ ಬಾಣಲೆಯ ಹಿಡಿ ಹಿಡಿದರೆ ಬಟ್ಟೆಯೊಳಗಿನ ನೀರು ಆವಿಯಾಗಿ ಅಂಗೈಯನ್ನೇ ಬೇಯಿಸುತ್ತದೆ.

ಕೋಟಿಗೆಂದು ತೆಗೆದಿಟ್ಟ ಹಣದಲ್ಲಿ ಅಡುಗೆಮನೆಯ ಶೂ ಕೊಳ್ಳಿ. ಮೇಲ್ಭಾಗ ಪೂರ್ತಿ ಮುಚ್ಚಿರಬೇಕು, ಲೇಸು ಇರಬಾರದು, ಅಟ್ಟೆ ಜಿಡ್ಡಿನ ನೆಲದ ಮೇಲೆ ಜಾರದಂತಿರಬೇಕು. ತೂತು ತೂತಾಗಿರುವ ರಬ್ಬರ್ ಕ್ಲಾಗ್‌ಗಳನ್ನು ಯಾರು ಎಷ್ಟೇ ಹೊಗಳಿದರೂ ತರಬೇಡಿ. ದಿನವಿಡೀ ನಿಂತ ಪಾದ ಉಬ್ಬುವುದರಿಂದ ಸಂಜೆ ಹೊತ್ತಿನಲ್ಲೇ ಅಂಗಡಿಗೆ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ನಡೆಯುವಾಗ ಹಿಮ್ಮಡಿ ಜಾರಬಾರದು, ಆದರೆ ಕೈ ತಾಗಿಸದೆ ಕಾಲಿನಿಂದಲೇ ಒದ್ದು ಕಳಚಲು ಬರಬೇಕು. ಪ್ಯಾಂಟಿನ ತುದಿಯನ್ನು ಶೂವಿನ ಒಳಗೆ ತುರುಕದೆ ಅದರ ಮೇಲೆ ಇಳಿಬಿಡಿ. ಇಷ್ಟಾದರೂ ಸುಟ್ಟುಕೊಂಡರೆ ಐಸ್, ಟೂತ್‌ಪೇಸ್ಟ್ ಎಂದು ಓಡಾಡದೆ 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಕಾಲಿಟ್ಟುಕೊಂಡು ಕೂರಿ, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯದೆ ಹಾಗೆಯೇ ವೈದ್ಯರ ಬಳಿಗೆ ಹೋಗಿ.