ಸಂಪಾದಕರ ಉತ್ತರ: ಶೇ 40, ಶೇ 17, ಮತ್ತು ಒಂದೇ ಯಕೃತ್ತು

ಮಾನ್ಯರೇ,

ಗೋಣಿಕೊಪ್ಪಲಿನ ಬಳಿಯ ತೋಟದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರವೂ ಅದರೊಡನೆ ಇಟ್ಟಿದ್ದ ವರದಿಗಳ ಜೆರಾಕ್ಸ್ ಪ್ರತಿಗಳೂ ತಲುಪಿವೆ. ಕಳೆದ ಸಂಚಿಕೆಯ ಆರೋಗ್ಯ ಪುಟದಲ್ಲಿ ನಾವು ‘ಯಕೃತ್ತಿನ ಕೊಬ್ಬನ್ನು ನಿಖರವಾಗಿ ಅಳೆಯಬಲ್ಲದ್ದು ಬಯಾಪ್ಸಿ ಮಾತ್ರ’ ಎಂದು ಅಚ್ಚು ಹಾಕಿದ್ದೆವು. ತಮ್ಮ ಭಾವನವರಿಗೆ ಬಯಾಪ್ಸಿಯಲ್ಲಿ (ಸೂಜಿಯಿಂದ ತುಣುಕು ತೆಗೆದು ನೋಡುವ ಪರೀಕ್ಷೆಯಲ್ಲಿ) ಶೇ 40 ಕೊಬ್ಬು ಎಂದೂ ಅದೇ ತಿಂಗಳ ಎಂಆರ್‌ಐಯಲ್ಲಿ ಶೇ 17 ಎಂದೂ ಬಂದಿದೆ, ಹಾಗಾದರೆ ಎಂಆರ್‌ಐ ಸುಳ್ಳೇ, ಅಲ್ಟ್ರಾಸೌಂಡ್‌ನಲ್ಲಿ ‘ಗ್ರೇಡ್ 2’ ಎನಿಸಿಕೊಂಡಿರುವ ತಾವೂ ಸೂಜಿ ಚುಚ್ಚಿಸಿಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ತಮ್ಮ ಚಿಕಿತ್ಸೆಯ ನಿರ್ಧಾರ ತಮ್ಮ ವೈದ್ಯರದ್ದೇ. ಆದರೆ ನಮ್ಮ ಆ ವಾಕ್ಯ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದು ನನ್ನ ಕೆಲಸ.

ಎರಡೂ ವರದಿ ಸರಿಯಾಗಿರಲು ಸಾಧ್ಯವಿದೆ. ತಾವು ಒಣಗಿದ ಚೆರಿ ಕಾಫಿಯನ್ನು ಮಾರುವಾಗ ಒಂದೇ ಮೂಟೆಗೆ ಔಟ್‌ಟರ್ನ್ 26, ತೇವಾಂಶ 12 ಎಂದು ವ್ಯಾಪಾರಿ ಬರೆದುಕೊಟ್ಟರೆ ಇವೆರಡರಲ್ಲಿ ಯಾವುದು ಸುಳ್ಳು ಎಂದು ಕೇಳುವುದಿಲ್ಲ. ಒಂದು ಮೂಟೆಯಿಂದ ಸಿಗುವ ಬೇಳೆಯ ತೂಕ, ಇನ್ನೊಂದು ಕಾಯಿಯಲ್ಲಿ ಉಳಿದಿರುವ ನೀರು ಎಂಬುದು ತಮಗೆ ಗೊತ್ತು. ಯಕೃತ್ತಿನ ವರದಿಗಳಲ್ಲಿ ಎರಡು ಲೆಕ್ಕಕ್ಕೂ ‘ಕೊಬ್ಬು ಶೇಕಡಾ ಇಷ್ಟು’ ಎಂಬ ಒಂದೇ ಹೆಸರಿರುವುದರಿಂದ ಗೊಂದಲವಾಗುತ್ತದೆ.

ಬಯಾಪ್ಸಿಯಲ್ಲಿ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಕ್ಕೆಲುಬುಗಳ ನಡುವಿನಿಂದ ಸೂಜಿ ಹಾಕಿ ತೆಗೆಯುವ ತುಣುಕು ಒಂದೂವರೆ, ಎರಡು ಸೆಂಟಿಮೀಟರ್ ಉದ್ದದ, ದಾರದಷ್ಟು ದಪ್ಪದ ಎಳೆ. ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತಿನ ಐವತ್ತು ಸಾವಿರದಲ್ಲಿ ಒಂದು ಪಾಲು ಎಂದು ಅದನ್ನು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಅದನ್ನು ಮೇಣದಲ್ಲಿ ಕೂರಿಸುವ ಮೊದಲು ಬಳಸುವ ದ್ರಾವಣಗಳಲ್ಲಿ ಕೊಬ್ಬು ಕರಗಿ ಹೋಗಿಬಿಡುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದಡಿ ಪೆಥಾಲಜಿಸ್ಟ್ ನೋಡುವುದು ಕೊಬ್ಬನ್ನಲ್ಲ, ಗುಲಾಬಿ ಬಣ್ಣದ ಜೀವಕೋಶಗಳೊಳಗೆ ಕೊಬ್ಬು ಇದ್ದ ಜಾಗದಲ್ಲಿ ಉಳಿದ ಬಿಳಿಯ ದುಂಡು ತೂತುಗಳನ್ನು. ನೂರು ಜೀವಕೋಶಗಳಲ್ಲಿ ಎಷ್ಟರಲ್ಲಿ ಇಂಥ ತೂತಿದೆ ಎಂದು ಅವರು ಕಣ್ಣಂದಾಜಿನಲ್ಲಿ ಹೇಳುತ್ತಾರೆ: ಶೇ 5ಕ್ಕಿಂತ ಕಡಿಮೆಯಾದರೆ ಸೊನ್ನೆ, ಶೇ 33ರವರೆಗೆ ಒಂದು, ಶೇ 66ರವರೆಗೆ ಎರಡು, ಅದಕ್ಕೂ ಮೇಲಾದರೆ ಮೂರನೆಯ ದರ್ಜೆ. ಭಾವನವರ ಶೇ 40 ಎಂದರೆ ನೂರರಲ್ಲಿ ನಲವತ್ತು ಜೀವಕೋಶಗಳಲ್ಲಿ ಕೊಬ್ಬಿನ ಗುಳ್ಳೆ ಇತ್ತೆಂದೇ ಹೊರತು ಯಕೃತ್ತಿನ ನಲವತ್ತು ಪಾಲು ಕೊಬ್ಬಾಗಿದೆ ಎಂದಲ್ಲ.

ಎಂಆರ್‌ಐ ಜೀವಕೋಶಗಳನ್ನು ಎಣಿಸುವುದಿಲ್ಲ. ನೀರಿನಲ್ಲಿರುವ ಜಲಜನಕವೂ ಕೊಬ್ಬಿನಲ್ಲಿರುವ ಜಲಜನಕವೂ ಕಾಂತಕ್ಷೇತ್ರದಲ್ಲಿ ತುಸು ಬೇರೆ ಬೇರೆ ವೇಗದಲ್ಲಿ ಕಂಪಿಸುತ್ತವೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು ಮೂರೂವರೆಯಷ್ಟು. ಇದನ್ನು ಹಿಡಿದು ನೀರನ್ನೂ ಕೊಬ್ಬನ್ನೂ ಬೇರೆ ಮಾಡಿ ತೋರಿಸುವ ವಿಧಾನವನ್ನು ಡಿಕ್ಸನ್ ಎಂಬ ವಿಜ್ಞಾನಿ 1984ರಲ್ಲಿ ಪ್ರಕಟಿಸಿದರು. ಈಗಿನ ಯಂತ್ರಗಳು ಅದನ್ನೇ ಪರಿಷ್ಕರಿಸಿ, ಒಂದು ಉಸಿರು ಬಿಗಿಹಿಡಿಯುವಷ್ಟರಲ್ಲಿ ಯಕೃತ್ತಿನ ಎಲ್ಲ ಭಾಗಗಳಿಂದಲೂ ಕೊಬ್ಬಿನ ಪಾಲನ್ನು ತೆಗೆಯುತ್ತವೆ. ವರದಿಯಲ್ಲಿ ‘ಪಿಡಿಎಫ್ಎಫ್’ ಎಂದಿರುವುದು ಅದೇ. ಗುಳ್ಳೆ ತುಂಬಿದ ಜೀವಕೋಶದಲ್ಲೂ ನೀರು ಇದ್ದೇ ಇರುವುದರಿಂದ ಈ ಅಂಕಿ ಸೂಜಿಯ ಅಂಕಿಗಿಂತ ಸಾಮಾನ್ಯವಾಗಿ ಬಹಳ ಕೆಳಗಿರುತ್ತದೆ. ಬಯಾಪ್ಸಿಯಲ್ಲಿ ಶೇ 80 ಬರಬಹುದು, ಎಂಆರ್‌ಐಯಲ್ಲಿ ಶೇ 50 ದಾಟುವುದೇ ಅಪರೂಪ. ತಮಾಷೆಯೆಂದರೆ ‘ಇಲ್ಲಿಂದ ಮೇಲೆ ಕೊಬ್ಬು ಹೆಚ್ಚು’ ಎನ್ನುವ ಗೆರೆ ಎರಡರಲ್ಲೂ ಹೆಚ್ಚುಕಡಿಮೆ ಶೇ 5ರಲ್ಲೇ ಬಿದ್ದಿದೆ. ಎರಡೂ ಒಂದೇ ಅಳತೆಗೋಲು ಎಂದು ಓದುಗರು, ನಮ್ಮಂಥ ಸಂಪಾದಕರೂ ಸೇರಿದಂತೆ, ನಂಬಿಬಿಡಲು ಇದೇ ಸಾಕಾಗುತ್ತದೆ.

ಹೀಗಾಗಿ ಕೊಬ್ಬು ಎಷ್ಟು ಎಂಬ ಪ್ರಶ್ನೆಗಷ್ಟೇ ಸೀಮಿತವಾಗಿ ಹೇಳುವುದಾದರೆ, ಐವತ್ತು ಸಾವಿರದಲ್ಲಿ ಒಂದು ಪಾಲಿನ ಕಣ್ಣಂದಾಜಿಗಿಂತ ಎಂಆರ್‌ಐ ಹೆಚ್ಚು ನಂಬಿಕಸ್ಥ ಎಂಬುದು ನನ್ನ ಅಭಿಪ್ರಾಯ. ಆರು ತಿಂಗಳ ಪಥ್ಯದ ಬಳಿಕ ಭಾವನವರ ಕೊಬ್ಬು ಇಳಿದಿದೆಯೇ ಎಂದು ನೋಡುವುದಿದ್ದರೆ ಮತ್ತೆ ಎಂಆರ್‌ಐಯನ್ನೇ ಮಾಡಿಸಬೇಕು, ಬಯಾಪ್ಸಿಯ 40ರ ಜೊತೆ ಅದನ್ನು ಹೋಲಿಸಬಾರದು. 17 ಎಂಬುದು 12ಕ್ಕೆ ಬಂದರೆ ಮೂರರಲ್ಲಿ ಒಂದು ಪಾಲಿಗೆ ಹತ್ತಿರ ಇಳಿದಂತೆ, ಅದು ಒಳ್ಳೆಯ ಬದಲಾವಣೆಯೇ.

ಅಲ್ಟ್ರಾಸೌಂಡ್‌ನ ‘ಗ್ರೇಡ್ 2’ ಬಗ್ಗೆ ತಾವು ಇಷ್ಟು ಹೆದರಬೇಕಾಗಿಲ್ಲ. ಯಕೃತ್ತು ಬಲ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಂಡು, ಒಳಗಿನ ರಕ್ತನಾಳಗಳ ಅಂಚು ಮಸುಕಾಗಿದ್ದರೆ ಹಾಗೆ ಬರೆಯುತ್ತಾರೆ. ಅದು ನೋಡುವವರ ಕಣ್ಣಿನ ಮೇಲೂ ಯಂತ್ರದ ಹೊಂದಾಣಿಕೆಯ ಮೇಲೂ ನಿಂತ ಮಾತು, ಕೊಬ್ಬು ಕಡಿಮೆಯಿದ್ದರೆ ಕಾಣದೆಯೂ ಹೋಗಬಹುದು. ಸಿಟಿ ಸ್ಕ್ಯಾನ್‌ನಲ್ಲಿ ಕೊಬ್ಬು ತುಂಬಿದ ಯಕೃತ್ತು ಗುಲ್ಮಕ್ಕಿಂತ ಕಪ್ಪಾಗಿ ಕಾಣುತ್ತದೆ, ಆದರೆ ಇದಕ್ಕೆಂದೇ ವಿಕಿರಣಕ್ಕೆ ಮೈಯೊಡ್ಡುವುದರಲ್ಲಿ ಅರ್ಥವಿಲ್ಲ.

ಮೈಸೂರಿನಲ್ಲಿ ತಾವು ಮಾಡಿಸಿದ, ಚರ್ಮದ ಮೇಲಿನಿಂದಲೇ ಯಕೃತ್ತನ್ನು ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಎರಡು ಅಂಕಿಗಳಿವೆ. ತಾವು ಕೆಂಪು ಗೆರೆ ಎಳೆದಿರುವುದು ‘ಕ್ಯಾಪ್ 292’ ಎಂಬುದಕ್ಕೆ. ಅದು ಕೊಬ್ಬಿಗೆ ಇರುವ, 100ರಿಂದ 400ರವರೆಗಿನ ಅಳತೆ. ಕೊಬ್ಬು ಇದೆ ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಎರಡನೆಯ ದರ್ಜೆಯೋ ಮೂರನೆಯದೋ ಎಂದು ಬೇರ್ಪಡಿಸುವಲ್ಲಿ ಸೋಲುತ್ತದೆ. ಗೆರೆ ಎಳೆಯಬೇಕಿದ್ದುದು ಅದರ ಕೆಳಗಿನ 6.1 ಕಿಲೋಪಾಸ್ಕಲ್‌ಗೆ, ಯಾಕೆಂದರೆ ಅದು ಯಕೃತ್ತಿನ ಗಡಸುತನ. ಮುಂದೆ ಕಷ್ಟ ಕೊಡುವುದು ಕೊಬ್ಬಿನ ಪ್ರಮಾಣಕ್ಕಿಂತ ಹೆಚ್ಚಾಗಿ ಫೈಬ್ರೋಸಿಸ್ ಎಂದು ಕರೆಯುವ ನಾರುಗಟ್ಟುವಿಕೆ. 8ಕ್ಕಿಂತ ಕೆಳಗಿದ್ದರೆ ಅದು ಮುಂದುವರಿದಿರುವ ಸಂಭವ ಕಡಿಮೆ. ತಮ್ಮ ರಕ್ತಪರೀಕ್ಷೆಯೂ ಅದನ್ನೇ ಹೇಳುತ್ತದೆ. ಎಎಸ್‌ಟಿ, ಎಎಲ್‌ಟಿ ಎಂಬವು ರಕ್ತದಲ್ಲಿ ಅಳೆಯುವ ಯಕೃತ್ತಿನ ಕಿಣ್ವಗಳು. ವಯಸ್ಸು 54ನ್ನು ಎಎಸ್‌ಟಿ 34ರಿಂದ ಗುಣಿಸಿ, ಪ್ಲೇಟ್‌ಲೆಟ್ 210ನ್ನು ಎಎಲ್‌ಟಿ 52ರ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.21 ಬರುತ್ತದೆ. ‘ಫಿಬ್-4’ ಎಂಬ ಈ ಲೆಕ್ಕದಲ್ಲಿ 1.3ಕ್ಕಿಂತ ಕೆಳಗಿರುವುದು ಸಮಾಧಾನದ ಸಂಗತಿ.

ಹಾಗೆಂದು ಬಯಾಪ್ಸಿಯನ್ನು ಬದಿಗೆ ತಳ್ಳುವಂತಿಲ್ಲ. ಉರಿಯೂತವಿದೆಯೇ, ಜೀವಕೋಶಗಳು ಊದಿಕೊಂಡಿವೆಯೇ, ಕಾಯಿಲೆಗೆ ಕೊಬ್ಬಲ್ಲದ ಬೇರೆ ಕಾರಣವಿದೆಯೇ ಎಂಬುದನ್ನು ಎದುರಿಗಿಟ್ಟು ತೋರಿಸುವುದು ಇಂದಿಗೂ ಅದೊಂದೇ. ರಕ್ತದ ಲೆಕ್ಕ ಒಂದು ಹೇಳಿ ಫೈಬ್ರೋಸ್ಕ್ಯಾನ್ ಇನ್ನೊಂದು ಹೇಳಿದಾಗ ವೈದ್ಯರು ಅದನ್ನು ಸೂಚಿಸಿದರೆ ಹಿಂಜರಿಯಬಾರದು. ರಕ್ತಸ್ರಾವದ ಅಪಾಯ ಚಿಕ್ಕದಾದರೂ ಇದೆ, ಬಲ ಭುಜದವರೆಗೆ ನೋವೂ ಬರಬಹುದು. ಬರಿಯ ಕೊಬ್ಬನ್ನು ಅಳೆಯಲು ಆ ಕಷ್ಟವನ್ನು ಪಡಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು.

ತಾವು ಊಟ, ನಡಿಗೆ, ಸಕ್ಕರೆಯ ಮಾತ್ರೆ ಎಲ್ಲವನ್ನೂ ಬರೆದಿದ್ದೀರಿ, ಸಂಜೆಯ ಗ್ಲಾಸಿನ ಮಾತು ಮಾತ್ರ ಪತ್ರದಲ್ಲಿಲ್ಲ. ನಮ್ಮ ಕೊಡಗಿನಲ್ಲಿ ಇದನ್ನು ಕೇಳುವುದೂ ಹೇಳುವುದೂ ಮುಜುಗರವೆಂದು ಬಲ್ಲೆ. ಆದರೆ ಕೊಬ್ಬು ಮದ್ಯದಿಂದ ಬಂದದ್ದೋ ಸಕ್ಕರೆ ಕಾಯಿಲೆ, ಬೊಜ್ಜಿನಿಂದ ಬಂದದ್ದೋ ಎಂದು ಯಾವ ಸ್ಕ್ಯಾನೂ ಹೇಳುವುದಿಲ್ಲ, ಸೂಜಿಗೂ ಅದು ಸುಲಭವಲ್ಲ. ಅದು ತಮ್ಮ ಬಾಯಿಂದಲೇ ವೈದ್ಯರಿಗೆ ತಿಳಿಯಬೇಕು.

ಕೊನೆಯದಾಗಿ, ಆ ದಿನ ಹುಣಸೂರಿನಲ್ಲಿ ಇಡ್ಲಿ ತಿಂದು ನೇರ ಪರೀಕ್ಷೆಗೆ ಹೋದೆವೆಂದು ಬರೆದಿದ್ದೀರಿ. ಫೈಬ್ರೋಸ್ಕ್ಯಾನ್‌ಗೆ ಮೊದಲು ಮೂರು ಗಂಟೆಯಾದರೂ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಗಡಸುತನದ ಅಂಕಿ ಏರಿಬಿಡುತ್ತದೆ. ಇಡ್ಲಿ ತಿಂದೂ 6.1 ಬಂದಿದೆಯೆಂದರೆ ನಿಜವಾದದ್ದು ಅದಕ್ಕಿಂತ ಕಡಿಮೆಯೇ ಇದ್ದೀತು. ಮುಂದಿನ ವರ್ಷ ರೊಬಸ್ಟಾ ಕೊಯ್ಲು ಮುಗಿದ ಮೇಲೆ ಅದೇ ಯಂತ್ರದಲ್ಲಿ ಮತ್ತೊಮ್ಮೆ ನೋಡಿಸುವುದಾದರೆ, ಹುಣಸೂರಿನ ತಿಂಡಿಯನ್ನು ಮರಳಿ ಬರುವಾಗಿಗೆ ಇಟ್ಟುಕೊಳ್ಳಿ.

ಸಂಪಾದಕ