ಕ್ಯಾಮೆರಾ ಹಾಕದ ವಿದ್ಯಾರ್ಥಿಯ ಜೊತೆ ಮಾತನಾಡುವುದು ಹೇಗೆ?

ಶಿರಸಿ ಕಡೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಓದುಗರೊಬ್ಬರು 2021ರಲ್ಲಿ ಬರೆದಿದ್ದರು: ಕೋವಿಡ್ ಸೋಂಕಿನ ಎರಡನೆಯ ಅಲೆಗೆ ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಕಾಲೇಜು ಮುಚ್ಚಿದಂದಿನಿಂದ ದಿನವೂ ಆನ್‌ಲೈನ್ ಪಾಠ ಮಾಡುತ್ತಿದ್ದರೂ ಅರ್ಧದಷ್ಟು ವಿದ್ಯಾರ್ಥಿಗಳು ಬರುವುದಿಲ್ಲ, ಬಂದವರು ಕ್ಯಾಮೆರಾ ಹಾಕುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ. "ಇವರಿಗೆ ಕಲಿಯುವ ಮನಸ್ಸೇ ಇಲ್ಲವೆಂದು ತಿಳಿಯಲೇ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಸಂಪಾದಕರ ಉತ್ತರ:

ಮಾನ್ಯರೇ, ಆ ತೀರ್ಮಾನಕ್ಕೆ ಬರುವ ಮುನ್ನ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಗಂಟೆಯ ವಿಡಿಯೊ ತರಗತಿ ಸಾಮಾನ್ಯವಾಗಿ ಅರ್ಧ ಜಿಬಿಗಿಂತ ಹೆಚ್ಚು ಡೇಟಾ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವನಿಗೆ ಮೂರನೆಯ ತರಗತಿ ಮುಗಿಯುವುದರೊಳಗೆ ಅದು ಖಾಲಿಯಾಗಿರುತ್ತದೆ. ಅದೇ ಫೋನಿನಲ್ಲಿ ತಂಗಿಯ ಶಾಲೆಯ ಪಾಠವೂ ನಡೆಯಬೇಕಾದರೆ ನಿಮ್ಮ ವಿಷಯದ ಸರದಿ ಬರುವುದೇ ಅನುಮಾನ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹುಡುಗಿಯೊಬ್ಬಳು ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ, ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನೀವೂ ನೋಡಿರಬೇಕು. ಅದನ್ನು ಹೊಗಳಿ ಹಂಚಿಕೊಂಡವರೇ ಹೆಚ್ಚು. ಅಷ್ಟು ಕಷ್ಟವಿಲ್ಲದೆ ತಲುಪುವಂತೆ ಪಾಠ ಹೇಳಲಾಗದೇ ಎಂದು ಕೇಳಿದವರು ಕಡಿಮೆ.

ತಲುಪುವಂತೆ ಹೇಳಬಹುದು. ಹತ್ತು ನಿಮಿಷದ ಧ್ವನಿ ಸಂದೇಶಕ್ಕೆ ಕೆಲವೇ ಎಂಬಿ ಸಾಕು. ಕರೆಂಟು ಹೋಗಿ ಟವರ್ ಸತ್ತ ದಿನ ಬಿಟ್ಟು ಮರುದಿನ ಕೇಳಿದರೂ ನಷ್ಟವಿಲ್ಲ. ಆದ್ದರಿಂದ ಪಾಠವನ್ನು ಧ್ವನಿಯಲ್ಲೂ ಪುಟದ ಫೋಟೊದಲ್ಲೂ ಕಳಿಸಿ, ನೇರ ತರಗತಿಯನ್ನು ವಾರಕ್ಕೊಮ್ಮೆ ಸಂದೇಹ ಪರಿಹಾರಕ್ಕಷ್ಟೇ ಇಟ್ಟುಕೊಳ್ಳಿ.

ಗುಂಪಿನ ಮೌನದ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ನೀವು ಪತ್ರದೊಂದಿಗೆ ಕಳಿಸಿದ ಮಾದರಿ ಸಂದೇಶ ಹೀಗಿದೆ: "ಎಲ್ಲರೂ ಅಸೈನ್‌ಮೆಂಟ್ ಕೂಡಲೇ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಐಎ (ಆಂತರಿಕ ಮೌಲ್ಯಮಾಪನ) ಅಂಕ ನೀಡಲಾಗುವುದಿಲ್ಲ." ಇದು ಸುತ್ತೋಲೆ, ಸುತ್ತೋಲೆಗೆ ಯಾರೂ ಉತ್ತರ ಬರೆಯುವುದಿಲ್ಲ. ಅದರ ಬದಲು, "ಬೇಡಿಕೆಯ ರೇಖೆ ಕೆಳಮುಖವಾಗಿರುವುದೇಕೆ? ನಿಮ್ಮೂರಿನ ಸಂತೆಯ ಒಂದು ಉದಾಹರಣೆಯೊಂದಿಗೆ ಎರಡು ಸಾಲು ಬರೆದು, ಫೋಟೊ ತೆಗೆದು, ಶನಿವಾರದೊಳಗೆ ನನಗೊಬ್ಬನಿಗೇ ಕಳಿಸಿ" ಎಂದು ಬರೆದು ನೋಡಿ. ಕನ್ನಡ ಮಾಧ್ಯಮದಿಂದ ಬಂದವರು ಅರವತ್ತು ಜನರೆದುರು ತಪ್ಪು ಬರೆಯಲು ಹಿಂಜರಿಯುತ್ತಾರೆ, ಮೇಷ್ಟ್ರೊಬ್ಬರೆದುರು ಅಷ್ಟಾಗಿ ಹಿಂಜರಿಯುವುದಿಲ್ಲ. ಇನ್ನು ಎಷ್ಟೋ ಮನೆಗಳಲ್ಲಿ ಫೋನ್ ಅಪ್ಪನದೋ ಅಣ್ಣನದೋ ಆಗಿರುತ್ತದೆ. ಹೀಗಿರುವಾಗ ಅಂಕ ಮತ್ತು ಗೈರುಹಾಜರಿಯ ಪಟ್ಟಿಯನ್ನು ಗುಂಪಿಗೆ ಹಾಕುವುದು ತರವಲ್ಲ. ಕ್ಯಾಮೆರಾ ಹಾಕಲೇಬೇಕೆಂಬ ಒತ್ತಾಯವನ್ನೂ ಬಿಡಿ: ಒಂದೇ ಕೋಣೆಯ ಮನೆಯನ್ನು ಸಹಪಾಠಿಗಳಿಗೆ ತೋರಿಸಲು ಯಾರಿಗೂ ಇಷ್ಟವಿರುವುದಿಲ್ಲ.

ಎರಡು ವಾರ ಸುದ್ದಿಯೇ ಇಲ್ಲದವರಿಗೆ ಮಾತ್ರ ಸಾಮಾನ್ಯ ಕರೆ ಮಾಡಿ ವಿಚಾರಿಸಿ. ಕರೆ ಸಿಗದಿದ್ದರೆ ಅದೇ ಊರಿನ ಸಹಪಾಠಿಯ ಮೂಲಕ ಹೇಳಿಕಳಿಸಿ. ಮೊದಲ ಮಾತು ಹಾಜರಾತಿಯದಾಗದಿರಲಿ. ಎಷ್ಟು ಜನರ ಬಳಿ ಸ್ವಂತ ಫೋನಿದೆ, ಯಾವ ಹೊತ್ತಿಗೆ ಸಿಗ್ನಲ್ ಬರುತ್ತದೆ ಎಂಬ ಪಟ್ಟಿಯನ್ನು ಈ ಕರೆಗಳಿಂದಲೇ ಸಿದ್ಧಪಡಿಸಿ ಪ್ರಾಚಾರ್ಯರ ಮುಂದಿಟ್ಟರೆ, ದಿನವೂ ವಿಡಿಯೊ ತರಗತಿಯೇ ಆಗಬೇಕೆಂಬ ಅವರ ಪಟ್ಟನ್ನು ಸಡಿಲಿಸಲು ನಿಮಗೊಂದು ಆಧಾರ ಸಿಗುತ್ತದೆ.